ಕಸವೂ ರಸವೂ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೈಗೆ ಹತ್ತಿರವಿದ್ದುದನ್ನು ಜನರು ಎಷ್ಟು ಹಗುರಾಗಿ ಕಾಣುತ್ತಾರೆಂಬದನ್ನು ತೋರಿಸಲು ಹಿರಿಯರು ಈ ಮಾತನ್ನು ಕಟ್ಟಿದರು. ಆದರೆ ಈಚೆಗೆ ಈ ಗಾದೆ ತಲೆಕೆಳಗಾದಂತೆ ತೋರುತ್ತದೆ. ಹಿತ್ತಲಲ್ಲಿ ಹುಟ್ಟಿದ್ದೆಲ್ಲ ಮದ್ದೇ ಎಂದು ಸಾರುವವರ ಸಂಖ್ಯೆ ದಿನದಿನಕ್ಕೆ ಬೆಳೆಯುತ್ತಿದೆ. ಬೆಳಗಾಗುವದೇ ತಡ, ಮೊಬೈಲಿನಲ್ಲಿ ಯಾವದೋ ಒಂದು ಸೊಪ್ಪಿನ ಮಹಿಮೆ ಬಂದು ಬೀಳುತ್ತದೆ. ಅದು ಸಕ್ಕರೆ ರೋಗವನ್ನು ಓಡಿಸುತ್ತದೆ, ಮೂತ್ರಪಿಂಡದ ಹರಳನ್ನು ಕರಗಿಸುತ್ತದೆ, ಉದುರಿದ ಕೂದಲನ್ನು ತಿರುಗಿ ಹುಟ್ಟಿಸುತ್ತದೆ. ಇದೆಲ್ಲವೂ ನಮ್ಮ ಋಷಿಮುನಿಗಳಿಗೆ ಸಾವಿರಾರು ವರ್ಷಗಳ ಹಿಂದೆಯೇ ತಿಳಿದಿತ್ತು! ಇನ್ನೊಂದು ಬದಿಗೆ, ಸೊಪ್ಪಿನ ಹೆಸರೆತ್ತಿದೊಡನೆ ಮೂಗು ಮುರಿದು ‘ಇವೆಲ್ಲ ಮುದುಕಿಯರ ಮಾತು’ ಎಂದು ನಗುವ ಸುಶಿಕ್ಷಿತರಿದ್ದಾರೆ.

ಈ ಎರಡೂ ಪಕ್ಷಗಳವರು ಒಬ್ಬರನ್ನೊಬ್ಬರು ಹಳಿಯುತ್ತಾರೆ. ಆದರೆ ಇಬ್ಬರ ತಿಳುವಳಿಕೆಯೂ ಒಂದೇ ಎಂದು ನನಗನಿಸುತ್ತದೆ. ಸಂಪ್ರದಾಯವೆಂದರೆ ಹಿಂದೆಂದೋ ಯಾರೋ ಕಟ್ಟಿ ಮುಗಿಸಿಟ್ಟ ಗಂಟು ಎಂದು ಇಬ್ಬರೂ ನಂಬಿದ್ದಾರೆ. ಒಬ್ಬನು ಆ ಗಂಟನ್ನು ಜಗಲಿಯ ಮೇಲಿಟ್ಟು ಪೂಜಿಸುತ್ತಾನೆ. ಇನ್ನೊಬ್ಬನು ಅದನ್ನು ತಿಪ್ಪೆಗೆ ಎಸೆಯುತ್ತಾನೆ. ಗಂಟನ್ನು ಬಿಚ್ಚಿ ಒಳಗೇನಿದೆಯೆಂದು ನೋಡುವ ತೊಂದರೆಯನ್ನು ಇಬ್ಬರೂ ತೆಗೆದುಕೊಳ್ಳುವದಿಲ್ಲ. ನಾನು ಇತಿಹಾಸದ ವಿದ್ಯಾರ್ಥಿ. ವೈದ್ಯನಲ್ಲ, ಸಸ್ಯಶಾಸ್ತ್ರವನ್ನು ಓದಿದವನೂ ಅಲ್ಲ. ಆದರೂ ಈ ಗಂಟನ್ನು ಬಿಚ್ಚುವ ಕೆಲಸದಲ್ಲಿ ಕಲಾ ವಿಭಾಗದ ವಿದ್ಯಾರ್ಥಿಗಳಿಗೂ ಒಂದು ಪಾಲಿದೆಯೆಂದು ಹೇಳುವದೇ ಈ ಲೇಖನದ ಉದ್ದೇಶ. ಅದನ್ನು ತೋರಿಸಲು ದೊಡ್ಡ ದೊಡ್ಡ ಮೂಲಿಕೆಗಳು ಬೇಕಿಲ್ಲ. ನಮ್ಮ ಕಾಲ ಕೆಳಗೆ ಬೆಳೆಯುವ ಒಂದು ಸಣ್ಣ ಕಸವೇ ಸಾಕು.

ವಾಚಕರು ಈ ಗಿಡವನ್ನು ನಿಶ್ಚಯವಾಗಿಯೂ ನೋಡಿದ್ದಾರೆ. ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಿಂದ ಹಿಡಿದು ಧಾರವಾಡದ ಕೆಲಗೇರಿ ಕೆರೆಯವರೆಗೆ, ರೇಲ್ವೆ ಹಳಿಗಳ ಬದಿಗೆ, ಕಂಪೌಂಡ ಗೋಡೆಗಳ ಬುಡಕ್ಕೆ, ಆಟದ ಮೈದಾನದ ಅಂಚಿಗೆ, ಹೊಲದ ಬದುವಿನ ಮೇಲೆ, ಎಲ್ಲೆಂದರಲ್ಲಿ ಅದು ನೆಲಕ್ಕಂಟಿಕೊಂಡು ಹಬ್ಬಿರುತ್ತದೆ. ಎಲೆಗಳು ಎದುರುಬದುರಾಗಿ ಹುಟ್ಟುತ್ತವೆ. ಅವುಗಳ ಅಂಚು ಗರಗಸದ ಹಲ್ಲಿನಂತೆ, ಮೈಯೆಲ್ಲ ಒರಟು ಕೂದಲು. ನೆಲದಿಂದ ಗೇಣುದ್ದದ ಒಂದು ಬರಿಯ ದಂಟು ಎದ್ದು ನಿಲ್ಲುತ್ತದೆ. ಅದರ ತುದಿಗೆ ಒಂದೇ ಒಂದು ಹೂವು. ನಡುವೆ ಹಳದಿ, ಸುತ್ತಲೂ ನಾಲ್ಕೈದು ಬಿಳಿಯ ಎಸಳು, ಪ್ರತಿ ಎಸಳಿನ ತುದಿಯಲ್ಲಿ ಮೂರು ಹಲ್ಲು. ಹೂವು ಒಣಗಿತೆಂದರೆ ಬೀಜಗಳು ಪುಕ್ಕ ಕಟ್ಟಿಕೊಂಡು ಗಾಳಿಗೆ ಹಾರಿ ಹೋಗುತ್ತವೆ. ಹುಡುಗರು ಆ ದಂಟನ್ನು ಕಿತ್ತು, ಹೆಬ್ಬೆರಳಿನಿಂದ ಹೂವಿನ ತಲೆ ಹಾರಿಸಿ ಆಡುವದುಂಟು. ಶಾಸ್ತ್ರದಲ್ಲಿ ಇದರ ಹೆಸರು ಟ್ರೈಡಾಕ್ಸ್ ಪ್ರೊಕಂಬೆನ್ಸ್. ಇಂಗ್ಲಿಷಿನವರು ಇದನ್ನು ‘ಕೋಟಿನ ಗುಂಡಿ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ಇದು ಸೇವಂತಿಗೆಯ ಕುಲಕ್ಕೆ ಸೇರಿದ ಗಿಡ. ಈ ಕುಲ ಬಹಳ ದೊಡ್ಡದು. ನಮ್ಮ ಸೀಮೆಗೆ ಬಹಳ ಬೇಕಾದದ್ದೂ ಹೌದು. ಎರೆಹೊಲದ ಕುಸುಬಿ ಇದರ ಬಳಗ. ಗುರೆಳ್ಳು ಇದರ ಬಳಗ. ಸೂರ್ಯಕಾಂತಿಯೂ ಇದರ ಬಳಗವೇ. ದವನದ ಹುಣ್ಣಿಮೆಗೆ ದೇವರಿಗೇರಿಸುವ ದವನವೂ ಈ ಕುಲದ್ದೇ. ಎಲ್ಲ ಮನೆತನಗಳಲ್ಲಿ ಇರುವಂತೆ ಇಲ್ಲಿಯೂ ಒಬ್ಬ ಪುಂಡನಿದ್ದಾನೆ: 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಮುಂದೆ ನಾಡನ್ನೆಲ್ಲ ವ್ಯಾಪಿಸಿದ ಪಾರ್ಥೇನಿಯಂ. ನಮ್ಮ ಜನ ಅದನ್ನು ‘ಕಾಂಗ್ರೆಸ್ ಕಸ’ ಎಂದು ಕರೆಯುತ್ತಾರೆ. ಮುಟ್ಟಿದವರಿಗೆ ಮೈ ತುರಿಕೆ, ಉಸಿರಾಡಿದವರಿಗೆ ದಮ್ಮು. ಅದನ್ನು ಹತ್ತಿಕ್ಕಲೆಂದು 1984ರಲ್ಲಿ ಮೆಕ್ಸಿಕೋ ದೇಶದ ಒಂದು ದುಂಬಿಯನ್ನು ಬೆಂಗಳೂರಿನಲ್ಲಿ ಬಿಡಬೇಕಾಯಿತು.

ಈಗ ನಮ್ಮ ಗಿಡದ ಗುಣದ ಮಾತು. ನವಲಗುಂದದ ಕಡೆಗೆ ನಮ್ಮದೊಂದು ಚಿಕ್ಕ ಹೊಲವಿದೆ. ನಾನು ಹನ್ನೆರಡು ವರ್ಷದವನಿದ್ದಾಗ, ಜೋಳ ಕೊಯ್ಯುವ ದಿನಗಳಲ್ಲಿ, ಕುಡಗೋಲು ತಾಗಿ ಎಡಗೈಯ ಬೆರಳು ಕತ್ತರಿಸಿತು. ನೆತ್ತರು ಕಂಡು ನಾನು ಅಳತೊಡಗಿದೆ. ಕೂಲಿಗೆ ಬಂದಿದ್ದ ಒಬ್ಬ ವಯಸ್ಸಾದ ಹೆಣ್ಣುಮಗಳು, “ಅಂಜಬ್ಯಾಡ ತಮ್ಮಾ, ಏನೂ ಆಗೂದಿಲ್ಲ” ಎಂದು ಹೇಳಿ, ಬದುವಿನಿಂದ ನಾಲ್ಕು ಎಲೆ ಹರಿದು ತಂದಳು. ಅವನ್ನು ನೀರಿನಿಂದ ತೊಳೆದು, ಅಂಗೈಯಲ್ಲಿ ತಿಕ್ಕಿ, ಹಸುರು ರಸವನ್ನು ಗಾಯದ ಮೇಲೆ ಹಿಂಡಿದಳು. ಉರಿಯಿತು, ಆದರೆ ಸ್ವಲ್ಪ ಹೊತ್ತಿನಲ್ಲಿ ನೆತ್ತರು ನಿಂತಿತು. “ಇದರ ಹೆಸರೇನ ಯವ್ವಾ?” ಎಂದು ನಾನು ಕೇಳಿದೆ. “ಹೆಸರೇನೋ ಯಪ್ಪಾ, ಯಾರಿಗೆ ಗೊತ್ತು. ಗಾಯಕ್ಕ ಹಚ್ಚೂ ಕಸಾ ನೋಡು” ಎಂದಳು. ಅದೇ ದಿನ ಸಂಜೆ ತಂದೆಯವರು ನನ್ನನ್ನು ಸೈಕಲ್ಲಿನ ಮೇಲೆ ಕೂಡಿಸಿಕೊಂಡು ದವಾಖಾನೆಗೆ ಹೋಗಿ ಧನುರ್ವಾಯುವಿನ ಸೂಜಿ ಹಾಕಿಸಿದರು. ಆ ಹೆಣ್ಣುಮಗಳ ಸೊಪ್ಪೂ ತಂದೆಯವರ ಸೂಜಿಯೂ ಒಂದಕ್ಕೊಂದು ಜಗಳಾಡಲಿಲ್ಲ ಎಂಬದನ್ನು ಇಲ್ಲಿ ಗಮನಿಸಬೇಕು. ಈ ಮಾತಿಗೆ ಮುಂದೆ ಬರುತ್ತೇನೆ.

ಗಾಯಕ್ಕೆ ಈ ಸೊಪ್ಪನ್ನು ಹಚ್ಚುವ ರೂಢಿ ನಮ್ಮ ಸೀಮೆಯೊಂದರದೇ ಅಲ್ಲ. ತಮಿಳರು ಈ ಗಿಡಕ್ಕೆ ‘ವೆಟ್ಟುಕಾಯ ಪೂಂಡು’, ಎಂದರೆ ಕಡಿದ ಗಾಯದ ಗಿಡ ಎಂದೇ ಹೆಸರಿಟ್ಟಿದ್ದಾರೆ. ತೆಲುಗಿನಲ್ಲಿ ಅದು ‘ಗಡ್ಡಿ ಚಾಮಂತಿ’, ಹುಲ್ಲಿನ ಸೇವಂತಿ. ಮರಾಠಿಯಲ್ಲಿ ‘ಏಕದಾಂಡಿ’, ಒಂದೇ ದಂಟಿನದು. ಎಲ್ಲಕ್ಕಿಂತ ಸೋಜಿಗವಾದದ್ದು ಓಡಿಶಾದ ಹೆಸರು. ಅಲ್ಲಿಯ ಜನ ಇದನ್ನು ‘ವಿಶಲ್ಯಕರಣಿ’ ಎಂದು ಕರೆಯುತ್ತಾರೆ. ರಾಮಾಯಣದಲ್ಲಿ ಹನುಮಂತನು ತರಲು ಹೋದ ನಾಲ್ಕು ಮೂಲಿಕೆಗಳಲ್ಲಿ ವಿಶಲ್ಯಕರಣಿ ಒಂದು. ಮೈಗೆ ನಟ್ಟ ಬಾಣದ ಗಾಯವನ್ನು ಮಾಯಿಸುವಂಥದು. ಇದನ್ನು ಓದಿದೊಡನೆ ನಮ್ಮ ಮೊದಲನೆಯ ಪಕ್ಷದವರು ಎದೆಯುಬ್ಬಿಸಿ, ‘ನೋಡಿರಿ, ತ್ರೇತಾಯುಗದಿಂದ ಬಂದ ಮದ್ದು!’ ಎನ್ನಬಹುದು.

ಆದರೆ ನಿಜಸಂಗತಿ ಬೇರೆ. ಈ ಗಿಡ ನಮ್ಮ ದೇಶದ್ದಲ್ಲ. ಇದರ ತವರುಮನೆ ಮೆಕ್ಸಿಕೋ ಮತ್ತು ಅದರ ನೆರೆಯ ಉಷ್ಣ ಅಮೆರಿಕ. ಸ್ವೀಡನ್ನಿನ ಲಿನೀಯಸ್ ಎಂಬ ಪಂಡಿತನು 1753ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರನ್ನಿಟ್ಟಾಗ ಮೆಕ್ಸಿಕೋದ ವೇರಾಕ್ರೂಜ್ ಎಂಬಲ್ಲಿಯ ಗಿಡವೆಂದೇ ಬರೆದನು. ಕೊಲಂಬಸನು ಅಮೆರಿಕವನ್ನು ಮುಟ್ಟಿದ್ದು 1492ರಲ್ಲಿ. ಯುರೋಪಿನ ಹಡಗುಗಳು ಎರಡು ಭೂಖಂಡಗಳ ನಡುವೆ ಓಡಾಡತೊಡಗಿದ ಮೇಲೆಯೇ ಇದರ ಬೀಜ ಈ ಕಡೆಗೆ ಬಂದಿರಬೇಕು. ಅಂದ ಮೇಲೆ ಚರಕ ಸುಶ್ರುತರು ಇದನ್ನು ಕಂಡಿರಲಾರರು. ವಾಲ್ಮೀಕಿಯೂ ಕಂಡಿರಲಾರನು. ಇದರ ಗುಣವನ್ನು ಹೇಳುವ ಪ್ರಾಚೀನ ಶ್ಲೋಕವಿರುವದು ಸಾಧ್ಯವಿಲ್ಲ.

ಹಾಗಾದರೆ ನಮ್ಮ ಹೊಲದ ಆ ಹೆಣ್ಣುಮಗಳಿಗೆ ಇದನ್ನು ಕಲಿಸಿದವರು ಯಾರು? ಈ ಪ್ರಶ್ನೆಗೆ ಒಂದೇ ಉತ್ತರವಿದೆ. ಅವಳ ತಾಯಿ, ಅವಳ ಅಜ್ಜಿ, ಅಜ್ಜಿಯ ಅಜ್ಜಿ, ದನ ಕಾಯುವ ಹುಡುಗ, ಕುರಿ ಕಾಯುವ ಕುರುಬ, ಕಸ ತೆಗೆಯುವ ಕೂಲಿಯವಳು. ಇಂಥವರಲ್ಲಿ ಯಾರೋ ಒಬ್ಬರು ಹೊಸದಾಗಿ ಬಂದ ಈ ಗಿಡವನ್ನು ಕಂಡರು, ಕೈಯಲ್ಲಿ ತಿಕ್ಕಿ ನೋಡಿದರು, ಗಾಯಕ್ಕೆ ಹಚ್ಚಿ ನೋಡಿದರು, ಗುಣ ಕಂಡಾಗ ನೆರೆಯವರಿಗೆ ಹೇಳಿದರು. ಅವರು ಬರೆದಿಡಲಿಲ್ಲ, ಅವರಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮಲ್ಲಿ ಇದರ ಬಿಳಿಹೂವಿನ ದಾಯಾದಿಯಾದ ಗರುಗ ಮೊದಲೇ ಇತ್ತಷ್ಟೆ. ಆ ಹೋಲಿಕೆಯಿಂದ ಜನರಿಗೆ ಇದನ್ನು ಪರೀಕ್ಷಿಸುವ ಬುದ್ಧಿ ಹುಟ್ಟಿರಬಹುದೆಂಬದು ನನ್ನ ಊಹೆ. ಹೇಗೆಯೇ ಇರಲಿ, ಇದು ಕೆಲವೇ ತಲೆಮಾರುಗಳ ಹಿಂದೆ ನಡೆದ ಒಂದು ಸಂಶೋಧನೆ. ಅದನ್ನು ಮಾಡಿದವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಈ ಸಂಗತಿ ಎರಡೂ ಪಕ್ಷಗಳವರಿಗೆ ಉತ್ತರ ಕೊಡುತ್ತದೆ. ಎಲ್ಲವನ್ನೂ ಋಷಿಗಳೇ ಹೇಳಿಟ್ಟಿದ್ದಾರೆ ಎನ್ನುವವರಿಗೆ ಅದು ಹೇಳುವದೇನೆಂದರೆ: ಸಂಪ್ರದಾಯ ಋಷಿಗಳಲ್ಲಿ ಮುಗಿಯಲಿಲ್ಲ, ಬದುವಿನ ಮೇಲೆಯೂ ಅದು ಬೆಳೆಯಿತು. ಮುದುಕಿಯರ ಮಾತೆಂದು ನಗುವವರಿಗೆ ಅದು ಹೇಳುವದೇನೆಂದರೆ: ಕಂಡರಿಯದ ಗಿಡವನ್ನು ನೋಡಿ, ಪರೀಕ್ಷಿಸಿ, ಫಲವನ್ನು ಹೋಲಿಸಿ, ಉಪಯುಕ್ತವಾದದ್ದನ್ನು ಉಳಿಸಿಕೊಳ್ಳುವ ಕೆಲಸಕ್ಕೆ ನೀವು ಕಾಲೇಜಿನಲ್ಲಿ ಯಾವ ಹೆಸರನ್ನು ಕೊಡುತ್ತೀರಿ?

ನಮ್ಮ ಊಟದ ತಾಟನ್ನೇ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಧಾರವಾಡದ ಸೀಮೆಯವನಿಗೆ ಜೋಳದ ರೊಟ್ಟಿ, ಗುರೆಳ್ಳ ಹಿಂಡಿ, ಕೆಂಪು ಖಾರ ಇವುಗಳಿಗಿಂತ ಹೆಚ್ಚು ‘ನಮ್ಮದು’ ಯಾವದಿದೆ? ಆದರೆ ಜೋಳವು ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದದ್ದು. ಗುರೆಳ್ಳಿನ ಮೂಲ ಇಥಿಯೋಪಿಯ. ಮೆಣಸಿನಕಾಯಿ ಅಮೆರಿಕದಿಂದ ಪೋರ್ತುಗೀಜರ ಸಂಗಡ ಬಂದದ್ದು. ಹೀಗಿದ್ದರೂ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದು ಈ ಮಣ್ಣಿನದು ಎಂದು ಕಾಯಿದೆಯೇ ಒಪ್ಪಿಕೊಂಡಿತು. ಒಂದು ವಸ್ತು ಎಲ್ಲಿ ಹುಟ್ಟಿತೆಂಬದರಿಂದ ಅದು ನಮ್ಮದಾಗುವದಿಲ್ಲ. ನಾವು ಅದರ ಸಂಗಡ ಎಷ್ಟು ದಿನ ಬಾಳಿದೆವು, ಅದರಿಂದ ಏನು ಕಲಿತೆವು ಎಂಬದರಿಂದ ಆಗುತ್ತದೆ. ವಿಶಲ್ಯಕರಣಿ ಎಂದು ಹೆಸರಿಟ್ಟ ಓಡಿಶಾದ ರೈತನು ಸುಳ್ಳು ಹೇಳಲಿಲ್ಲ. ಗಾಯ ಮಾಯಿಸುವ ಗಿಡಕ್ಕೆ ತನಗೆ ತಿಳಿದ ಅತ್ಯಂತ ಗೌರವದ ಹೆಸರನ್ನು ಅವನು ಕೊಟ್ಟನು. ಅದೇ ಗಿಡವನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಸರಕಾರವು ಹಾನಿಕಾರಕ ಕಳೆಗಳ ಪಟ್ಟಿಯಲ್ಲಿ ಸೇರಿಸಿದೆ. ಒಂದು ಕಡೆಗೆ ಹನುಮಂತನ ಮೂಲಿಕೆ, ಇನ್ನೊಂದು ಕಡೆಗೆ ಬಹಿಷ್ಕಾರಕ್ಕೆ ಯೋಗ್ಯವಾದ ಕಸ!

ಇಷ್ಟು ಹೇಳಿದ ಮೇಲೆ, ‘ಸೊಪ್ಪಿಗೆ ನಿಜವಾಗಿಯೂ ಗುಣವಿದೆಯೇ?’ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ದೇಶದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದಾರೆ. 1982ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ, ತರುವಾಯ 1991ರಲ್ಲಿ ಜರ್ಮನಿಯಿಂದ ಹೊರಡುವ ‘ಪ್ಲಾಂಟಾ ಮೆಡಿಕಾ’ ಎಂಬ ಪತ್ರಿಕೆಯಲ್ಲಿ, ಗಾಯ ಮಾಯುವದಕ್ಕೂ ಈ ಗಿಡಕ್ಕೂ ಇರುವ ಸಂಬಂಧವನ್ನು ಕುರಿತ ಪ್ರಬಂಧಗಳು ಪ್ರಕಟವಾದವು. ಇಂಥ ಪ್ರಯೋಗಗಳಲ್ಲಿ ಗಿಡದ ಸಾರವು ಹೊಸ ಮಾಂಸ ಕೂಡಿಕೊಳ್ಳುವ ಕ್ರಿಯೆಯ ಮೇಲೆ ಪರಿಣಾಮ ಮಾಡುವದು ಕಂಡುಬಂದಿತು. ಅಂದ ಮೇಲೆ ಕೂಲಿಯವಳ ಮಾತನ್ನು ನಗೆಯಾಡಿ ತಳ್ಳಿಹಾಕಲು ಬರುವದಿಲ್ಲ. ಆದರೆ ಇವು ಪ್ರಯೋಗಶಾಲೆಯ ಇಲಿಗಳ ಮೇಲೆ ನಡೆದ ಪರೀಕ್ಷೆಗಳು. ಇಲಿಯ ಗಾಯದಿಂದ ಮನುಷ್ಯನ ಗಾಯದವರೆಗಿನ ದಾರಿ ಸಣ್ಣದಲ್ಲ. ಅದನ್ನು ನಡೆಯದೆಯೇ ‘ವಿಜ್ಞಾನವು ಸಿದ್ಧಪಡಿಸಿದೆ’ ಎಂದು ಮೊಬೈಲಿನಲ್ಲಿ ಬರೆದು ಹಂಚುವದು ಆ ಹೆಣ್ಣುಮಗಳಿಗೂ ವಿಜ್ಞಾನಕ್ಕೂ ಮಾಡುವ ಅಪಚಾರ.

ಈ ಎಚ್ಚರಿಕೆ ಬರಿಯ ಮಾತಿನ ಚಮತ್ಕಾರವಲ್ಲ. ಇದು ಜೀವದ ಪ್ರಶ್ನೆ. ಮಣ್ಣಿನಲ್ಲಿಯೂ ಸೆಗಣಿಯಲ್ಲಿಯೂ ಧನುರ್ವಾಯುವಿನ ರೋಗಾಣು ಅಡಗಿರುತ್ತದೆ. ನೆತ್ತರನ್ನು ನಿಲ್ಲಿಸಿದ ಸೊಪ್ಪು ಅದನ್ನು ನಿಲ್ಲಿಸಲಾರದು. ತೊಳೆಯದ ಸೊಪ್ಪಾದರೆ ಅದನ್ನು ತಾನೇ ಗಾಯದೊಳಗೆ ಸೇರಿಸೀತು. ಹಿಂದೆ ನಮ್ಮ ದೇಶದಲ್ಲಿ ಎಷ್ಟೋ ಹಸುಗೂಸುಗಳು ಹೊಕ್ಕಳ ಬಳ್ಳಿಯ ಗಾಯದಿಂದ ಈ ರೋಗ ತಗಲಿ ತೀರಿಹೋಗುತ್ತಿದ್ದವು. 2015ರಲ್ಲಿ ಭಾರತವು ಬಾಣಂತಿಯರ ಮತ್ತು ಹಸುಗೂಸುಗಳ ಧನುರ್ವಾಯುವನ್ನು ನಿವಾರಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು. ಅದು ಸೂಜಿಯಿಂದ, ಸ್ವಚ್ಛವಾದ ಹೆರಿಗೆಯಿಂದ ಆದ ಕೆಲಸ, ಸೊಪ್ಪಿನಿಂದ ಆದುದಲ್ಲ. ಹಾಗೆಯೇ ಇದೇ ಕುಲದ ಅಜರೇಟಂ ಎಂಬ ನೀಲಿ ಹೂವಿನ ಕಸವನ್ನೂ ಜನರು ಗಾಯಕ್ಕೆ ಹಚ್ಚುತ್ತಾರೆ. ಅದರಲ್ಲಿ ಹೊಟ್ಟೆಗೆ ಹೋದರೆ ಯಕೃತ್ತನ್ನು ಕೆಡಿಸುವ ವಿಷವಿದೆ. ಮೇಲೆ ಹಚ್ಚುವದಕ್ಕೂ ಕಷಾಯ ಮಾಡಿ ಕುಡಿಯುವದಕ್ಕೂ ನಡುವೆ ಇಷ್ಟು ಅಂತರವಿದೆ. ಹೋಲಿಕೆಯ ಬುದ್ಧಿಯೇ ಮದ್ದನ್ನು ಕಲಿಸುತ್ತದೆ, ಹೋಲಿಕೆಯ ಬುದ್ಧಿಯೇ ಮೋಸವನ್ನೂ ಮಾಡುತ್ತದೆ.

ಇಲ್ಲಿಯೇ ಹೆಸರಿನ ಪ್ರಶ್ನೆ ಬರುತ್ತದೆ. ನನ್ನ ಮುಖ್ಯವಾದ ಮಾತೂ ಇದೇ. ಗರುಗ, ಎಂದರೆ ಸಂಸ್ಕೃತದ ಭೃಂಗರಾಜ, ಕೂದಲೆಣ್ಣೆಗೆ ಹೆಸರಾದ ಗಿಡ. ಅದು ನಿಜವಾಗಿಯೂ ಹಳೆಯ ಆಯುರ್ವೇದ ಗ್ರಂಥಗಳಲ್ಲಿರುವದು. ಅದು ನೀರಿನ ಆಸರೆಯಲ್ಲಿ, ಕಾಲುವೆಯ ಅಂಚಿಗೆ, ಗದ್ದೆಯ ಬದಿಗೆ ಬೆಳೆಯುತ್ತದೆ. ಹೂವು ಚಿಕ್ಕದು, ದಂಟು ಗಿಡ್ಡದು, ಎಲೆಯನ್ನು ಜಜ್ಜಿದರೆ ರಸ ಕಪ್ಪಾಗುತ್ತದೆ. ನಮ್ಮ ಟ್ರೈಡಾಕ್ಸ್ ಒಣ ನೆಲದ್ದು, ಉದ್ದ ದಂಟಿನದು, ಪುಕ್ಕದ ಬೀಜದ್ದು. ಹೀಗಿದ್ದರೂ ಕೆಲವು ವೈದ್ಯರು ಭೃಂಗರಾಜದ ಬದಲು ಇದನ್ನೇ ಕೊಡುವದುಂಟು. ಇನ್ನು ಕನ್ನಡದ ಸಸ್ಯನಾಮಗಳ ಪಟ್ಟಿಗಳಲ್ಲಿ ಟ್ರೈಡಾಕ್ಸಿಗೆ ‘ಗಬ್ಬು ಸಣ್ಣ ಸಾವಂತಿ’ ಎಂದೂ ‘ಜಯಂತಿ’ ಎಂದೂ ಹೆಸರುಗಳಿವೆ. ಜಯಂತಿಯೆಂಬದು ಸಂಸ್ಕೃತದಲ್ಲಿ ತೊಗರಿಯ ಕುಲದ ಬೇರೆಯೇ ಒಂದು ಮರದ ಹೆಸರು. ಒಬ್ಬನು ಜಯಂತಿಯ ಎಲೆ ತಾ ಎಂದರೆ ಇನ್ನೊಬ್ಬನು ಯಾವದನ್ನು ತರಬೇಕು? ಮದ್ದಿನ ವಿಷಯದಲ್ಲಿ ಹೆಸರು ತಪ್ಪಿದರೆ ರೋಗಿಗೆ ಪೆಟ್ಟು.

ನಮ್ಮ ತರಗತಿಯ ಹತ್ತಾರು ಗೆಳೆಯರಿಗೆ ಈ ಗಿಡವನ್ನು ತೋರಿಸಿ ಹೆಸರು ಕೇಳಿದೆ. ಹೆಚ್ಚಿನವರು ‘ಕಸ’ ಎಂದರು. ವಿಜ್ಞಾನ ವಿಭಾಗದ ಒಬ್ಬ ಮಿತ್ರನು ತಡೆಯದೆ ಲ್ಯಾಟಿನ್ ಹೆಸರನ್ನು ಹೇಳಿದನು; ಕನ್ನಡದ ಹೆಸರು ಅವನಿಗೂ ತಿಳಿಯದು. ಪರೀಕ್ಷೆಗೆ ಲ್ಯಾಟಿನ್ ಸಾಕು, ಬಾಳಿಗೆ ಸಾಲದು. ಊರಿನ ಹಿರಿಯರಿಗೆ ಗುಣ ಗೊತ್ತು, ಶಾಸ್ತ್ರದ ಹೆಸರು ಗೊತ್ತಿಲ್ಲ. ಕಾಲೇಜಿನವರಿಗೆ ಶಾಸ್ತ್ರದ ಹೆಸರು ಗೊತ್ತು, ಗುಣ ಗೊತ್ತಿಲ್ಲ. ಇವರಿಬ್ಬರೂ ಒಂದೇ ಮನೆಯಲ್ಲಿ ಅಜ್ಜಿ ಮೊಮ್ಮಗನಾಗಿ ಕುಳಿತು ಊಟ ಮಾಡುತ್ತಾರೆ. ಆದರೆ ಈ ವಿಷಯದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುವದಿಲ್ಲ.

ಈ ಮಾತುಕತೆಗೆ ಉಳಿದ ದಿನಗಳು ಬಹಳವಿಲ್ಲ. ಈ ವಿದ್ಯೆ ಬಾಳಿದ್ದು ಮುಖ್ಯವಾಗಿ ಹೊಲದಲ್ಲಿ ಕಸ ತೆಗೆಯುವ ಹೆಣ್ಣುಮಕ್ಕಳ ಕೈಯಲ್ಲಿ. ಸಾಲುಗುಂಟ ಕುಳಿತು ಒಂದೊಂದೇ ಗಿಡವನ್ನು ಕೀಳುವವರಿಗೆ ಅವುಗಳ ಗುರುತು ಸಿಗುತ್ತಿತ್ತು: ಇದು ಪಲ್ಯಕ್ಕೆ, ಇದು ದನಕ್ಕೆ, ಇದು ಗಾಯಕ್ಕೆ, ಇದು ಬರಿಯ ಪೀಡೆ. ಈಗ ಆಳಿನ ಅಭಾವದಿಂದ ಕಳೆನಾಶಕವನ್ನು ಸಿಂಪಡಿಸುವವರು ಹೆಚ್ಚಾಗಿದ್ದಾರೆ. ಅದಕ್ಕಾಗಿ ರೈತನನ್ನು ನಾನು ದೂರುವದಿಲ್ಲ. ಕೂಲಿಯ ಲೆಕ್ಕ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಬಾಗಿದ ಬೆನ್ನಿನ ಆ ದುಡಿತವೇ ಮುಂದುವರಿಯಲೆಂದು ಹೇಳುವದೂ ಕ್ರೂರವಾದೀತು. ಆದರೆ ವಿಷದ ಡಬ್ಬಿಗೆ ಗಿಡಗಿಡಗಳ ಭೇದ ತಿಳಿಯದೆಂಬದನ್ನು ನಾವು ಮರೆಯಬಾರದು. ಟ್ರೈಡಾಕ್ಸ್ ಅಷ್ಟು ಬೇಗ ಅಳಿಯುವ ಜಾತಿಯದಲ್ಲ. ಕಾಂಕ್ರೀಟಿನ ಬಿರುಕಿನಲ್ಲಿಯೂ ಅದು ಹುಟ್ಟುತ್ತದೆ. ಅಳಿಯುವದು ಅದನ್ನು ಗುರುತಿಸುವ ಕಣ್ಣು. ಗಿಡ ಉಳಿದು ಜ್ಞಾನ ಹೋಯಿತೆಂದರೆ ಉಳಿಯುವದು ನಿಜವಾಗಿಯೂ ಕಸವೇ.

ಬರೆದಿಡುವದರಿಂದ ಏನಾಗುತ್ತದೆಂದು ಕೇಳುವವರಿಗೆ ಎರಡು ದೃಷ್ಟಾಂತಗಳನ್ನು ಕೊಡುತ್ತೇನೆ. ಮೊದಲನೆಯದು ಚೀನ ದೇಶದ್ದು. ನಮ್ಮ ದವನದ ತಂಗಿಯೆನ್ನಬಹುದಾದ ಒಂದು ಗಿಡ ಅಲ್ಲಿ ಜ್ವರದ ಮದ್ದಾಗಿತ್ತು. 1970ರ ಸುಮಾರಿಗೆ ತು ಯೂಯೂ ಎಂಬ ವಿದುಷಿ ಅದರಿಂದ ಮಲೇರಿಯಾದ ಔಷಧವನ್ನು ತೆಗೆಯಲು ಹೆಣಗುತ್ತಿದ್ದರು. ಸಾರವನ್ನು ಕುದಿಸಿ ತೆಗೆದರೆ ಗುಣ ಬರುತ್ತಿರಲಿಲ್ಲ. ನಾಲ್ಕನೆಯ ಶತಮಾನದ ಒಂದು ಹಳೆಯ ವೈದ್ಯಗ್ರಂಥದಲ್ಲಿ, ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂದು ಬರೆದಿತ್ತು, ಕುದಿಸಬೇಕೆಂದು ಇರಲಿಲ್ಲ. ಬಿಸಿಯಿಂದ ಗುಣ ಕೆಡುತ್ತಿರಬಹುದೆಂದು ಅವರಿಗೆ ಆಗ ಹೊಳೆಯಿತು. ಕಡಿಮೆ ಉಷ್ಣತೆಯಲ್ಲಿ ಸಾರ ತೆಗೆದರು, ಆರ್ಟೆಮಿಸಿನಿನ್ ದೊರೆಯಿತು, 2015ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ‘ಹಿಂಡಿ ಕುಡಿ’ ಎಂಬ ಆ ಒಂದು ಮಾತನ್ನು ಹದಿನಾರು ನೂರು ವರ್ಷಗಳ ಹಿಂದೆ ಯಾರೋ ಜಾಗರೂಕತೆಯಿಂದ ಬರೆದಿಡದಿದ್ದರೆ? ಬರೆದಿಡುವದೆಂದರೆ ಗಿಡದ ಹೆಸರಿನ ಮುಂದೆ ರೋಗದ ಹೆಸರನ್ನು ಗೀಚುವದಲ್ಲ. ಯಾವ ಭಾಗ, ಯಾವ ಋತು, ತಿಕ್ಕಿದ್ದೋ ಕುದಿಸಿದ್ದೋ, ಎಷ್ಟು, ಎಷ್ಟು ಸಲ ಎಂಬದೆಲ್ಲವೂ ಬೇಕು.

ಎರಡನೆಯದು ನಮ್ಮ ಮನೆಯದೇ. ಅರಿಷಿಣವನ್ನು ಗಾಯಕ್ಕೆ ಹಚ್ಚುವದರ ಬಗ್ಗೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಡಲಾಯಿತು. ನಮ್ಮ ವೈಜ್ಞಾನಿಕ ಹಾಗೂ ಕೈಗಾರಿಕಾ ಸಂಶೋಧನಾ ಮಂಡಳಿಯವರು ಅದನ್ನು ಪ್ರಶ್ನಿಸಿದರು. 1997ರಲ್ಲಿ ಆ ಹಕ್ಕು ರದ್ದಾಯಿತು. ಕೋಟಿ ಕೋಟಿ ತಾಯಂದಿರು ದಿನಾಲು ಮಾಡುವ ಕೆಲಸವೆಂಬ ಬಾಯಿಮಾತಿನಿಂದಲ್ಲ, ಹಳೆಯ ಗ್ರಂಥಗಳನ್ನೂ ಅಚ್ಚಾದ ಲೇಖನಗಳನ್ನೂ ಮುಂದಿಟ್ಟುದರಿಂದ ಅದು ಗೆದ್ದಿತು. ಅರಿಷಿಣಕ್ಕೆ ಗ್ರಂಥದ ಆಧಾರವಿತ್ತು. ನಮ್ಮ ಬದುವಿನ ಕಸಕ್ಕೆ ಶ್ಲೋಕವಿಲ್ಲ. ಇರುವದು 1982ರಿಂದ ಈಚಿನ ಕೆಲವು ಪ್ರಬಂಧಗಳು ಮಾತ್ರ. ಶ್ಲೋಕವೂ ಪ್ರಬಂಧವೂ ಇಲ್ಲದ ಕಸಗಳ ಪರವಾಗಿ ನಾಳೆ ಯಾರು ಸಾಕ್ಷಿ ಹೇಳಬೇಕು?

ಈ ಕೆಲಸ ಕಲಾ ವಿಭಾಗದವರದೂ ಹೌದೆಂದು ನಾನು ಮೊದಲಿಗೇ ಹೇಳಿದೆ. ಗಿಡವನ್ನು ಗುರುತಿಸುವದು ಸಸ್ಯಶಾಸ್ತ್ರದವರ ಹೊಣೆ. ಗುಣವನ್ನು ಪರೀಕ್ಷಿಸುವದು ವೈದ್ಯರ ಹೊಣೆ. ಆದರೆ ಹಿರಿಯರ ಮುಂದೆ ಕುಳಿತು, ಅವರ ಮಾತನ್ನು ಅವರದೇ ಧಾಟಿಯಲ್ಲಿ ಕೇಳಿ ಬರೆದುಕೊಳ್ಳುವದು, ಹೆಸರಿನಿಂದ ಹೆಸರಿಗೆ ಇರುವ ಭೇದವನ್ನು ಹಿಡಿಯುವದು, ಕಾಲವನ್ನು ನಿರ್ಣಯಿಸುವದು, ಇವು ಭಾಷೆ ಮತ್ತು ಇತಿಹಾಸಗಳ ಕೆಲಸ. ಜರ್ಮನಿಯಿಂದ 1853ರಲ್ಲಿ ಬಂದ ಕಿಟೆಲ್ ಪಾದ್ರಿಗಳು ನಮ್ಮ ಧಾರವಾಡದಲ್ಲಿಯೂ ಕೆಲಕಾಲವಿದ್ದು, 1894ರಲ್ಲಿ ಮಂಗಳೂರಿನಿಂದ ಹೊರಬಂದ ತಮ್ಮ ನಿಘಂಟಿನಲ್ಲಿ ಎಷ್ಟೋ ಗಿಡಮರಗಳ ಕನ್ನಡ ಹೆಸರುಗಳನ್ನು ಕೂಡಿಸಿಟ್ಟರು. ಸಸ್ಯಶಾಸ್ತ್ರಜ್ಞರಾದ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆಯಿತು; ಗಿಡಗಳ ಮಾತು ಸಾಹಿತ್ಯವೂ ಆಗಬಲ್ಲದೆಂದು ಅದು ತೋರಿಸಿತು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಊರಿನವರಾದ ನಮಗೆ ಕನ್ನಡದ ಶಬ್ದಗಳನ್ನು ಕಾಯುವದು ಹೊಸ ಪಾಠವಲ್ಲ. ಗಿಡದ ಹೆಸರೂ ಒಂದು ಶಬ್ದವೇ.

ಕಾಯಿದೆಯೂ ಇದಕ್ಕೆ ಅನುಕೂಲವಾಗಿದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿ ಒಂದು ಸಮಿತಿ ಇರಬೇಕು. ಅದು ತನ್ನ ಊರಿನ ಗಿಡ, ಪ್ರಾಣಿ ಮತ್ತು ಅವುಗಳ ಬಗೆಗಿನ ಜನರ ತಿಳುವಳಿಕೆಯ ದಾಖಲೆಯನ್ನು ಇಡಬೇಕು. ಆದರೆ ಕಾಗದದ ಮೇಲಿನ ಸಮಿತಿ ತಾನಾಗಿಯೇ ಹೊಲಕ್ಕೆ ನಡೆದು ಹೋಗುವದಿಲ್ಲ. ಅದಕ್ಕೆ ಕಾಲುಗಳು ಬೇಕು. ಆ ಕಾಲುಗಳು ನಮ್ಮಲ್ಲಿವೆ.

ಆದ್ದರಿಂದ ನನ್ನ ಸೂಚನೆ ಇಷ್ಟೇ. ನಮ್ಮ ಕಾಲೇಜಿನಲ್ಲಿ ಒಂದು ದಪ್ಪ ರಿಜಿಸ್ಟರು ಇಡೋಣ. ಇಲ್ಲಿ ಓದುವವರಲ್ಲಿ ಬಹಳ ಮಂದಿ ಕಲಘಟಗಿ, ಕುಂದಗೋಳ, ನವಲಗುಂದ, ಅಳ್ನಾವರದ ಕಡೆಯ ಹಳ್ಳಿಗಳಿಂದ ಬಂದವರು. ಎರೆಯ ಸೀಮೆಯೂ ಮಲೆನಾಡಿನ ಸೆರಗೂ ಹೀಗೆ ಒಂದೇ ತರಗತಿಯಲ್ಲಿ ಕೂಡುವದು ಎಲ್ಲ ಕಾಲೇಜುಗಳಿಗೆ ದೊರೆಯುವ ಭಾಗ್ಯವಲ್ಲ. ದೀಪಾವಳಿಯ ಸೂಟಿಗೆ ಊರಿಗೆ ಹೋದಾಗ ಪ್ರತಿಯೊಬ್ಬರೂ ಐದೇ ಐದು ಗಿಡಗಳ ವಿಷಯ ಕೇಳಿಕೊಂಡು ಬರಲಿ. ಊರಿನ ಹೆಸರು ಯಾವದು, ಯಾವದಕ್ಕೆ ಬಳಸುತ್ತಾರೆ, ಹೇಗೆ, ಯಾವಾಗ ಬಳಸಬಾರದು, ಗುಣವಾಗದಿದ್ದರೆ ಏನು ಮಾಡುತ್ತಾರೆ ಎಂಬಿವನ್ನು ಬರೆದುಕೊಳ್ಳಲಿ. ಹೇಳಿದವರ ಒಪ್ಪಿಗೆಯನ್ನು ಮೊದಲು ಪಡೆಯಲಿ. ಅವರು ಬಯಸಿದರೆ ಅವರ ಹೆಸರನ್ನೂ ಬರೆಯಲಿ. ಗಿಡದ ಒಂದು ಟೊಂಗೆಯನ್ನು ಹಳೆಯ ವರ್ತಮಾನಪತ್ರದಲ್ಲಿ ಒತ್ತಿ ಒಣಗಿಸಿ ತರಲಿ. ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರನ್ನು ನಮ್ಮ ಅಧ್ಯಾಪಕರು ಕೇಳಿಕೊಂಡರೆ ಅವುಗಳ ಗುರುತನ್ನು ಹೇಳಲು ಅವರು ಹಿಂಜರಿಯಲಾರರು. ಐವತ್ತು ವಿದ್ಯಾರ್ಥಿಗಳು ಐದೈದು ಗಿಡ ತಂದರೆ ಇನ್ನೂರೈವತ್ತು ಬರಹಗಳಾದವು. ಅವುಗಳಲ್ಲಿ ಅರ್ಧ ಒಂದೇ ಗಿಡದವಾದರೂ ಚಿಂತೆಯಿಲ್ಲ. ಒಂದೇ ಗಿಡಕ್ಕೆ ಎಷ್ಟು ಊರುಗಳಲ್ಲಿ ಎಷ್ಟು ಹೆಸರುಗಳಿವೆಯೆಂಬದೇ ಒಂದು ಸಂಶೋಧನೆ.

ಆ ರಿಜಿಸ್ಟರಿನ ಮೊದಲ ಪುಟದಲ್ಲಿ ಒಂದು ಸೂಚನೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು: ಇದು ಕೇಳಿ ಬರೆದದ್ದು, ಪರೀಕ್ಷಿಸಿ ಬರೆದದ್ದಲ್ಲ, ರೋಗ ಬಂದಾಗ ದವಾಖಾನೆಗೆ ಹೋಗಿರಿ. ಹೀಗೆ ಬರೆಯುವದರಿಂದ ಹಿರಿಯರ ಜ್ಞಾನಕ್ಕೆ ಕುಂದು ಬರುವದಿಲ್ಲ. ಪರೀಕ್ಷೆಗೆ ನಿಲ್ಲಬಲ್ಲ ಮಾತಿಗೆ ಪರೀಕ್ಷೆಯ ಅಂಜಿಕೆಯಿಲ್ಲ. ಆ ಮಾತನ್ನು ಮೊದಲು ಕಂಡುಹಿಡಿದವರೂ ಪರೀಕ್ಷಿಸಿಯೇ ಕಂಡುಹಿಡಿದರಲ್ಲವೇ?

ಕಸದಿಂದ ರಸ ತೆಗೆ ಎಂದು ನಮ್ಮಲ್ಲಿ ಹೇಳುತ್ತಾರೆ. ರಸ ತೆಗೆಯುವದನ್ನು ನಮ್ಮ ಹಿರಿಯರು ಅಕ್ಷರವಿಲ್ಲದೆ ಮಾಡಿ ತೋರಿಸಿದರು. ಅಕ್ಷರ ಕಲಿತ ನಾವು ಅದಕ್ಕೆ ಒಂದು ಹೆಸರನ್ನಾದರೂ ಬರೆದಿಡಬಾರದೇ? ಮುಂದಿನ ವರ್ಷದ ಸಂಚಿಕೆ ಅಚ್ಚಿಗೆ ಹೋಗುವಷ್ಟರಲ್ಲಿ ಆ ರಿಜಿಸ್ಟರಿನ ಮೊದಲ ಇಪ್ಪತ್ತು ಪುಟಗಳು ತುಂಬಿರಲಿ. ಅವು ಈ ಪುಟಗಳಲ್ಲಿಯೇ ಬೆಳಕು ಕಾಣಲಿ.